ಬಲಮೂಲೆಯ ಸಂಗಮೇಶ್ವರ

ಸೇಡಂ ಬಸ್ ನಿಲ್ದಾಣ ದಾಟಿ ಸ್ವಲ್ಪ ಮುಂದೆ ಬಂದರೆ, ಗೊಬ್ಬರದ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡಿರುವುದು ಸಂಗಮೇಶ್ವರನ ಫ್ಲೆಕ್ಸ್ ಅಂಗಡಿ. ಅದಕ್ಕೆ ಬೋರ್ಡಿಲ್ಲ. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಊರಿಗೆಲ್ಲ ಬ್ಯಾನರು ಮಾಡಿಕೊಡುವ ಮನುಷ್ಯನಿಗೆ ತನ್ನ ಅಂಗಡಿಗೊಂದು ಮಾಡಿಕೊಳ್ಳಲು ಪುರಸೊತ್ತಾಗಿಲ್ಲ. ಒಮ್ಮೆ ಮಾಡಿಕೊಂಡಿದ್ದ. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಅಡ್ಡ ಬಂದು, ಕಟ್ಟಿಗೆ ಕಡಿಮೆ ಬಿದ್ದು, ತನ್ನ ಬೋರ್ಡಿನ ಚೌಕಟ್ಟನ್ನೇ ಕಿತ್ತು ಗಿರಾಕಿಗೆ ಕೊಟ್ಟುಬಿಟ್ಟ.

ನಮ್ಮ ಕಡೆ ಒಬ್ಬ ಮನುಷ್ಯ ಹುಟ್ಟಿದ ದಿನ ಅವನ ಹೆತ್ತ ತಾಯಿಗೆ ಮರೆತರೂ ಸಂಗಮೇಶ್ವರನಿಗೆ ಮರೆಯುವುದಿಲ್ಲ. ಫ್ಲೆಕ್ಸಿಗೂ ಒಂದು ಶಾಸ್ತ್ರವಿದೆ. ನಡುವೆ ಹುಟ್ಟುಹಬ್ಬದವರು ಆಳೆತ್ತರಕ್ಕೆ ಕೈಮುಗಿದು ನಿಂತಿರಬೇಕು, ಇಲ್ಲವೇ ಕಿವಿಗೆ ಫೋನು ಹಿಡಿದು ಎತ್ತಲೋ ಅವಸರದಲ್ಲಿ ನಡೆದಿರಬೇಕು. ತಲೆಯ ಮೇಲೆ ಅವರವರ ದರ್ಜೆಯ ಪ್ರಕಾರ ದೊಡ್ಡವರ ಸಾಲು. ಕಾಲ ಬುಡದಲ್ಲಿ ಒತ್ತೊತ್ತಾಗಿ ‘ಶುಭ ಕೋರುವವರು’. ಈ ಕೆಳಗಿನವರನ್ನು ಕೂಡಿಸುವ ಉದ್ದುರುಟು ಮನೆಗಳಿಗೆ ಬೇರೆ ಅಂಗಡಿಗಳಲ್ಲಿ ತತ್ತಿ ಎನ್ನುತ್ತಾರೆ. ಸಂಗಮೇಶ್ವರ ಕೊರಳಲ್ಲಿ ಲಿಂಗ ಕಟ್ಟಿದವನು, ಮೊಟ್ಟೆ ಮುಟ್ಟದವನು. ಅವನ ಅಂಗಡಿಯಲ್ಲಿ ಅದಕ್ಕೆ ಲಿಂಬಿಕಾಯಿ ಎಂದೇ ಹೆಸರು. ಸಭೆ ಸಮಾರಂಭಗಳ ಹೊತ್ತಿಗೆ ನಾವು ಬರೆಯುವ ಮಂದಿಯೂ ಆ ಲಿಂಬಿಕಾಯಿಯೊಳಗೆ ಕುಳಿತವರೇ. ನಮ್ಮ ಮುಖವೂ ಅವನ ಕೈಯಲ್ಲಿ ಎರಡು ಬಣ್ಣ ತಿಳಿಯಾಗಿದೆ, ಸುಳ್ಳೇಕೆ ಹೇಳಬೇಕು.

ಎಲ್ಲರ ಹಿಂದೆ ಚಂದ್ರಂಪಳ್ಳಿ ಜಲಾಶಯ. ಎಂದೋ ಹೆಂಡತಿ ಗುರುದೇವಿಯ ಜೊತೆ ಬುತ್ತಿ ಕಟ್ಟಿಕೊಂಡು ಹೋದಾಗ ತೆಗೆದ ಫೋಟೊ ಅದು. ಅದರಲ್ಲಿ ನಿಂತಿದ್ದ ಗುರುದೇವಿಯನ್ನು ನೀಟಾಗಿ ಅಳಿಸಿ ನೀರನ್ನು ಮಾತ್ರ ಉಳಿಸಿಕೊಂಡಿದ್ದಾನೆ. ಮದುವೆಗೂ ಅದೇ ನೀರು, ಅಂಗಡಿ ಉದ್ಘಾಟನೆಗೂ ಅದೇ ನೀರು, ಶ್ರದ್ಧಾಂಜಲಿಗೂ ಅದೇ ನೀರು, ಬಣ್ಣ ಮಾತ್ರ ಸ್ವಲ್ಪ ಮಂಕು.

ಶಾಸ್ತ್ರದ ಮುಖ್ಯ ಮಾತೆಂದರೆ ಖಾಲಿ ಜಾಗ ಬಿಡಬಾರದು, ಯಾರನ್ನೂ ಬಿಡಬಾರದು. ಶಹಾಬಾದಿನ ಒಂದು ಗೃಹಪ್ರವೇಶದ ಬ್ಯಾನರಿನಲ್ಲಿ ಮನೆ ಯಜಮಾನನ ಅಳಿಯನ ಫೋಟೊ ಬಿಟ್ಟುಹೋಗಿ, ಅವನು ಹೋಳಿಗೆಯ ತಾಟು ಮುಂದಿಟ್ಟುಕೊಂಡು ಬ್ಯಾನರನ್ನೇ ನೋಡುತ್ತ ಕುಳಿತು, ಕೈ ತೊಳೆದುಕೊಂಡು ಎದ್ದುಹೋಗಿದ್ದ. ಅಂದಿನಿಂದ ಸಂಗಮೇಶ್ವರ, ಫೋಟೊ ಕೊಡುತ್ತೇನೆಂದು ಹೇಳಿ ಕೊಡದವರಿಗೂ ಒಂದು ಲಿಂಬಿಕಾಯಿ ಖಾಲಿ ಇಟ್ಟೇ ಬ್ಯಾನರು ಮುಗಿಸುತ್ತಾನೆ. ಅದು ‘ಬರಬೇಕಾದವರ ಜಾಗ’ ಎಂದು ಈಗ ಊರಿಗೆಲ್ಲ ಗೊತ್ತು.

ಇಷ್ಟು ಮಂದಿಗೆ ಜಾಗ ಕೊಟ್ಟ ಮೇಲೆ ಕಲಾವಿದನಿಗೆ ಉಳಿಯುವುದು ಕೆಳಗಿನ ಬಲಮೂಲೆ. ಅಲ್ಲಿ ಇರುವೆಯಷ್ಟು ಅಕ್ಷರದಲ್ಲಿ ‘ವಿನ್ಯಾಸ: ಸಂಗಮೇಶ್ವರ, ಸೇಡಂ’ ಎಂದು ಬರೆಯುತ್ತಾನೆ. ಬರೆದದ್ದನ್ನು ಯಾರೂ ಕಂಡಿಲ್ಲ. ಯಾಕೆಂದರೆ ಬ್ಯಾನರನ್ನು ಕಟ್ಟಿಗೆಯ ಚೌಕಟ್ಟಿಗೆ ಹೊಡೆಯುವವನು ಅಂಬಾರಾಯ. ಅವನು ಎಡದಿಂದ ಜಗ್ಗಿ ಹೊಡೆಯುತ್ತ ಬಂದು, ಬಲಮೂಲೆಯಲ್ಲಿ ಉಳಿದದ್ದನ್ನು ಹಿಂದಕ್ಕೆ ಮಡಚಿ ಮೊಳೆ ಜಡಿದುಬಿಡುತ್ತಾನೆ.

“ಅಂಬಾರಾಯ, ನನ್ನ ಹೆಸರು ಮತ್ತ ಹಿಂದ ಹೋತಲ್ಲೋ!”

“ಸಾಹುಕಾರ್ರ, ನಿಮ್ಮ ಹೆಸರು ಹಿಡದ್ರ ಕಟ್ಟಿಗಿ ಕಾಣ್ತದ, ಕಟ್ಟಿಗಿ ಮುಚ್ಚಿದ್ರ ನಿಮ್ಮ ಹೆಸರು ಹೋಗ್ತದ. ಗಿರಾಕಿ ಕಟ್ಟಿಗಿ ಕಾಣಬಾರದು ಅಂತಾನ. ನಿಮ್ಮ ಹೆಸರಿನ ಬಗ್ಗಿ ಅವ ಏನೂ ಅಂದಿಲ್ಲ.”

ಕಾರ್ಯಕ್ರಮ ಮುಗಿದ ಮೇಲೆ ಬ್ಯಾನರಿನ ಆಯುಷ್ಯವೂ ಮುಗಿಯಿತು. ಆಮೇಲೆ ಅದು ಆಡಕಿ ಊರಿನಲ್ಲಿ ತೊಗರಿ ರಾಶಿಯ ಮೇಲೆ ಬೀಳುತ್ತದೆ, ಕೊಡ್ಲಿ ಊರಿನಲ್ಲಿ ಎಮ್ಮೆ ಕೊಟ್ಟಿಗೆಗೆ ಸೂರಾಗುತ್ತದೆ. ಕಲೆ ಬದುಕಿಗೆ ಹತ್ತಿರವಿರಬೇಕು ಎಂದು ತಿಳಿದವರು ಹೇಳುತ್ತಾರೆ. ಸಂಗಮೇಶ್ವರನ ಕಲೆ ಎಮ್ಮೆಗೂ ಹತ್ತಿರ. ಆದರೂ ಅವನ ಹೊಟ್ಟೆಯೊಳಗೊಂದು ಆಸೆ ಕುಳಿತಿತ್ತು: ಯಾರೂ ಕೀಳದ, ಯಾರೂ ಹೊದಿಸದ ಒಂದೇ ಒಂದು ಕೆಲಸ ತನ್ನ ಕೈಯಿಂದ ಆಗಬೇಕು, ಅದರ ಮೂಲೆಯಲ್ಲಿ ತನ್ನ ಹೆಸರನ್ನು ಮಂದಿ ಕಣ್ಣಾರೆ ಓದಬೇಕು. ಈ ಮಾತನ್ನು ಅವನು ಗುರುದೇವಿಗೆ ಮಾತ್ರ ಹೇಳಿದ್ದ. ಅವಳು, “ಓದಿ ಏನ್ ಮಾಡ್ಬೇಕ್ರಿ ಮಂದಿ?” ಎಂದು ಕೇಳಿದ್ದಳು.

ಹೀಗಿರುವಾಗ ಒಂದು ಶನಿವಾರ ಐಶ್ವರ್ಯ ಬಂದಳು. ವಾಡಿಯಲ್ಲಿರುವ ಅವನ ಅಣ್ಣನ ಮಗಳು, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮೊಬೈಲಿನಲ್ಲಿ ಆಡುವ ಒಂದು ಗೇಮು ಮಾಡಿದ್ದಳು.

“ಕಾಕಾ, ನನ್ನ ಗೇಮಿಗಿ ಒಂದು ಟೈಟಲ್ ಸ್ಕ್ರೀನ್ ಮಾಡಿಕೊಡ್ರಿ.”

“ಅದಕ್ಕೇನವ್ವ, ಮಾಡೋಣು. ಹುಟ್ಟಹಬ್ಬ ಯಾರದು?”

“ಯಾರದೂ ಇಲ್ರಿ. ಗೇಮ್ ತೆರದ ಕೂಡ್ಲೇ ಮೊದಲ ಕಾಣ್ತದಲ್ಲ, ಆ ಚಿತ್ರ. ಅದ್ರಾಗ ಗೇಮಿನ ಹೆಸರು, ಒಂದು ಚಂದದ ಬೊಂಬಿ, ಶುರು ಮಾಡ್ಲಿಕ್ಕ ಒಂದು ಬಟನ್. ಇಷ್ಟ ಸಾಕು.”

“ಎಷ್ಟ ಫೂಟು?”

“ಮೊಬೈಲಿನಷ್ಟ.”

“ಅಂದ್ರ ಒಬ್ಬರ ಮೂಗಿನಷ್ಟು,” ಎಂದ ಸಂಗಮೇಶ್ವರ, ತನ್ನ ಅಳತೆಯಲ್ಲಿ ಲೆಕ್ಕ ಹಾಕಿ.

ಗೇಮಿನ ಹೆಸರು ‘ವಾಡಿದಾಗ ಇಳದಾವ’. ವಾಡಿ ಜಂಕ್ಷನ್ನಿನಲ್ಲಿ ಗಾಡಿ ನಿಂತಾಗ ಒಬ್ಬ ಮನುಷ್ಯ ಇಳಿಯುತ್ತಾನೆ. ಅವನು ಚಹಾ ಕುಡಿದು, ಬಾಟಲಿಗೆ ನೀರು ತುಂಬಿಕೊಂಡು, ಮಂದಿಯ ಗಂಟು ಮೂಟೆ ಹಾರಿ, ಗಾಡಿ ಬಿಡುವುದರೊಳಗೆ ತನ್ನ ಡಬ್ಬಿಗೇ ಬಂದು ಹತ್ತಬೇಕು. ಒಳಗೆ ಹೆಂಡತಿ ಮಕ್ಕಳು ಕಿಟಕಿಯಿಂದ ಕೂಗುತ್ತಿರುತ್ತಾರೆ. ತಪ್ಪಿದರೆ ಮೊದಲಿನಿಂದ.

“ಅಲ್ಲವ್ವ, ಇದು ಆಟ ಹೆಂಗಾಗ್ತದ? ನಿಮ್ಮಪ್ಪ ಜಲ್ಮೆಲ್ಲಾ ಇದನ್ನ ಮಾಡ್ಯಾನ.”

“ಅದಕ್ಕ ಆಟ ಆಗ್ಯದ ಕಾಕಾ. ಅಪ್ಪ ಚಹಾಕ್ಕಂತ ಇಳದು ಗಾಡಿ ತಪ್ಪಿಸಿಕೊಂಡು ಅವ್ವಗ ಸೊಲ್ಲಾಪುರತನ ಒಬ್ಬಾಕಿಗೇ ಕಳಿಸಿದ್ದು ಮರ್ತೀರೇನು?”

ಸಂಗಮೇಶ್ವರ ನಕ್ಕ. ಆಮೇಲೆ ಏನೋ ನೆನಪಾದಂತೆ ಗಂಭೀರನಾಗಿ ಕೇಳಿದ, “ಈ ಚಿತ್ರ ಎಷ್ಟ ದಿನ ಇರ್ತದ?”

“ಗೇಮ್ ಇರೋತನ ಇರ್ತದ್ರಿ. ತೆಗಿಯೋರು ಯಾರು?”

“ಕಟ್ಟಿಗಿ?”

“ಕಟ್ಟಿಗಿ ಎಲ್ಲಿಂದ ಬಂತ್ರಿ?”

“ಅಂಬಾರಾಯ?”

“ಅಂಬಾರಾಯ ಯಾಕ ಬರ್ತಾನ ಕಾಕಾ ಇದ್ರಾಗ!”

ಅಂದು ಸಂಗಮೇಶ್ವರ ಮನೆಗೆ ಬಂದು ಎರಡು ರೊಟ್ಟಿ ಜಾಸ್ತಿ ತಿಂದ.

ಮೊದಲ ಚಿತ್ರ ಚೆನ್ನಾಗಿಯೇ ಮಾಡಿದ್ದ. ಫರಸಿ ಹಾಸುಗಲ್ಲಿನ ಪ್ಲಾಟ್‌ಫಾರ್ಮು, ದೂರದಲ್ಲಿ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ, ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು ಓಡುತ್ತಿರುವ ಒಬ್ಬ ಮನುಷ್ಯ, ಮೇಲೆ ಆಕಾಶ. ಆಕಾಶ ನೋಡಿ ಅವನಿಗೆ ಸಂಕಟ ಶುರುವಾಯಿತು. ಅಷ್ಟೊಂದು ಜಾಗ ಖಾಲಿ! ಸುಮ್ಮನಿರಲಾರದೆ ಪ್ಲಾಟ್‌ಫಾರ್ಮಿನ ಹಿಂದೆ ಚಂದ್ರಂಪಳ್ಳಿಯ ನೀರು ತುಂಬಿದ. ಆಮೇಲೂ ಉಳಿದ ಆಕಾಶವನ್ನು ದಿಟ್ಟಿಸುತ್ತ ಕುಳಿತಿರುವಾಗಲೇ ಚನ್ನು ಬಂದದ್ದು.

ಚನ್ನು ‘ಯುವ ಮುಖಂಡ’. ಮೊದಲ ಬ್ಯಾನರಿನಲ್ಲಿ ಹಾಗೆ ಬರೆಸಿದಾಗ ಅವನಿಗೆ ಮೀಸೆ ಮೂಡಿತ್ತಷ್ಟೇ. ಈಗ ಅದಕ್ಕೆ ಬಣ್ಣ ಹಚ್ಚುತ್ತಾನೆ; ಪದವಿ ಮಾತ್ರ ಹಾಗೇ ಇದೆ. ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಪರದೆಗೆ ಕಣ್ಣು ಹಚ್ಚಿದ.

“ಇವ ಯಾರೋ ಸಂಗಣ್ಣ, ಓಡ್ಲಿಕತ್ತಾನ?”

“ಯಾರೂ ಅಲ್ರಿ. ಆಟದವ.”

“ಯಾರೂ ಅಲ್ಲದವನ್ನ ನಟ್ಟನಡುವ ನಿಲ್ಲಿಸೀದಿ. ನಂದು ಫೋಟೊ ಎಲ್ಲದ?”

“ನಿಮ್ಮದು ಯಾಕ್ರಿ ಇದ್ರಾಗ? ಇದು ಹುಡುಗಿ ಕಾಲೇಜಿಂದು.”

“ಕಾಲೇಜಿಂದಾದ್ರ ಏನಾತು? ನಮ್ಮ ಹುಡುಗಿ ಗೇಮ್ ಮಾಡ್ಯಾಳ. ನಾ ಶುಭ ಕೋರಬಾರದಾ?”

ಶುಭ ಕೋರಬೇಡಿ ಎಂದು ಹೇಳಲು ಯಾವ ಭಾಷೆಯಲ್ಲೂ ಶಬ್ದಗಳಿಲ್ಲ. ಸಂಗಮೇಶ್ವರ ಆಕಾಶದಲ್ಲಿ ಚನ್ನುವನ್ನು ಕೂಡಿಸಿದ. ಒಬ್ಬರನ್ನು ಕೂಡಿಸಿದ ಮೇಲೆ ಊರಿಗೆ ಸುದ್ದಿ ಹೋಗಲು ತಡವೇನು? ಗೊಬ್ಬರದ ಅಂಗಡಿಯವರು ಬಂದರು, ಚಪ್ಪಲಿ ಅಂಗಡಿಯವರು ಬಂದರು. ಚಿಂಚೋಳಿಯಿಂದ ಸಂಗಮೇಶ್ವರನ ಬೀಗರು ಫೋನು ಮಾಡಿ, ನಮ್ಮದು ನಟ್ಟನಡುವೆ ಇರಲಿ, ಕಪ್ಪು ಕನ್ನಡಕದ್ದು ಕಳಿಸಿದ್ದೇವೆ, ಅದನ್ನೇ ಹಾಕು ಎಂದರು. ಶಹಾಬಾದಿನ ಆ ಅಳಿಯನಿಗೆ ಸಂಗಮೇಶ್ವರ ತಾನಾಗಿಯೇ ಫೋನು ಮಾಡಿ ಫೋಟೊ ತರಿಸಿಕೊಂಡ. ಓಡುವ ಮನುಷ್ಯ ದಿನದಿನಕ್ಕೆ ಸಣ್ಣಗಾಗುತ್ತ ಹೋಗಿ, ಕೊನೆಗೆ ಯಾರದೋ ಭುಜದ ಹಿಂದಿನಿಂದ ಚಹಾದ ಕಪ್ಪು ಮಾತ್ರ ಕಾಣುವಂತಾದ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಗುರುದೇವಿ ಊಟಕ್ಕೆ ಬಡಿಸುತ್ತ ಕೇಳಿದಳು, “ನಿಮ್ಮ ಆಟದಾಗ ಊರ ಮಂದಿ ಎಲ್ಲಾ ಅದಾರಂತಲ್ರಿ?”

“ಎಲ್ಲಾರೂ ಅದಾರ. ಒಬ್ಬರನ್ನೂ ಬಿಟ್ಟಿಲ್ಲ ನೋಡು,” ಎಂದ ಸಂಗಮೇಶ್ವರ ಹೆಮ್ಮೆಯಿಂದ, ಪುಂಡಿಪಲ್ಯ ಮುಂದಕ್ಕೆ ಎಳೆದುಕೊಳ್ಳುತ್ತ.

“ಹೌದಾ,” ಎಂದಳು ಗುರುದೇವಿ. ಪಲ್ಯದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಶನಿವಾರ ಐಶ್ವರ್ಯ ಬಂದು ಚಿತ್ರ ನೋಡಿ, ಪರದೆಯ ಮೇಲೆ ಬೆರಳಿಟ್ಟಳು.

“ಕಾಕಾ, ಏನ್ ಮಾಡೀರಿ ಇದು! ವಾಡಿದಾಗ ಡ್ಯಾಮ್ ಎಲ್ಲಿಂದ ಬಂತು?”

“ನೀರಿದ್ರ ತಂಪ ಕಾಣ್ತದವ್ವ.”

“ಗೇಮಿನ ಹೆಸರು?”

“ಅದ ನೋಡು, ಬೀಗರ ಕನ್ನಡಕದ ಮ್ಯಾಲ.”

“ಶುರು ಮಾಡೋ ಬಟನ್?”

ಸಂಗಮೇಶ್ವರ ಪರದೆಯತ್ತ ಬಾಗಿದ. ಅದೊಂದು ಮರೆತಿತ್ತು. ಕೆಳಗಿನ ಸಾಲಿನಲ್ಲಿ, ಯಾರೋ ಫೋಟೊ ಕೊಡದೆ ಉಳಿದಿದ್ದ ಖಾಲಿ ಲಿಂಬಿಕಾಯಿಯೊಂದಿತ್ತು. ತಟ್ಟನೆ ಅದರಲ್ಲಿ ಒಂದು ಸಣ್ಣ ಬಾಣದ ಗುರುತು ಇಟ್ಟು, “ಇಲ್ಲದ ನೋಡು!” ಎಂದ.

ಐಶ್ವರ್ಯ ಎಲ್ಲವನ್ನೂ ಕಿತ್ತುಹಾಕಿ ಎನ್ನಲು ಬಾಯಿ ತೆರೆದಿದ್ದಳು. ಆದರೆ ಅಲ್ಲೇ ಕುಳಿತು ತನ್ನ ಮುಖದ ಬಣ್ಣ ಪರೀಕ್ಷಿಸುತ್ತಿದ್ದ ಚನ್ನು ನಡುವೆ ಬಾಯಿ ಹಾಕಿದ.

“ತಂಗಿ, ನಿಮ್ಮ ಕಾಲೇಜಿನಾಗ ಏನ್ ಕೇಳ್ತಾರ? ಗೇಮು ಎಷ್ಟ ಮಂದಿಗಿ ಮುಟ್ಯದ ಅಂತ ಕೇಳ್ತಾರೋ ಇಲ್ಲೋ?”

“ಕೇಳ್ತಾರ್ರಿ. ನಮ್ಮ ರಾಧಿಕಾ ಮೇಡಂ ಅದನ್ನ ಮೊದಲ ನೋಡ್ತಾರ.”

“ಹಂಗಾರ ತಿಳಕೋ. ನನ್ನ ಫೋಟೊ ಇತ್ತಂದ್ರ ನನ್ನ ಗ್ರೂಪಿನವರೆಲ್ಲಾ ಗೇಮು ಫೋನಿಗಿ ಇಳಿಸಿಕೊಂತಾರ. ಈ ಚಪ್ಪಲಿ ಅಂಗಡಿಯವರ ಫೋಟೊ ಇತ್ತಂದ್ರ ಅವರ ಬಳಗ ಎಲ್ಲಾ ಇಳಿಸಿಕೊಂತದ. ಬರೇ ಒಬ್ಬವ ಚಹಾ ಹಿಡಕೊಂಡು ಓಡಿದ್ರ ಯಾರು ಇಳಿಸಿಕೊಂತಾರವ್ವ? ಅವನ ಬಳಗ ಎಷ್ಟದ?”

ಐಶ್ವರ್ಯ ಲೆಕ್ಕದಲ್ಲಿ ಜಾಣೆ. ಬಾಯಿ ಮುಚ್ಚಿಕೊಂಡಳು. ಚಿತ್ರ ಇದ್ದ ಹಾಗೇ ಗೇಮಿನೊಳಗೆ ಹೋಯಿತು, ಗೇಮು ಲೋಕದೊಳಗೆ ಹೋಯಿತು.

ಚನ್ನು ಹೇಳಿದ್ದು ಸುಳ್ಳಾಗಲಿಲ್ಲ. ಸೇಡಂ ಮಂದಿ ಇಳಿಸಿಕೊಂಡರು, ಚಿತ್ತಾಪುರದವರು ಇಳಿಸಿಕೊಂಡರು. ಚಹಾದ ಅಂಗಡಿಯಲ್ಲಿ ಕುಳಿತವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಮುಖ ಹುಡುಕಿದರು, ಸಿಕ್ಕ ಮುಖವನ್ನು ಫೋಟೊ ಹೊಡೆದುಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡರು. ‘ನಾವೂ ಗೇಮಿನಾಗ’ ಎಂದು ಬರೆದರು. ಬೀಗರು ಚಿಂಚೋಳಿಯಲ್ಲಿ ಪೇಡೆ ಹಂಚಿದರೆಂದು ಸುದ್ದಿ ಬಂತು.

ಸಂಗಮೇಶ್ವರ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ತನ್ನ ಫೋನಿನಲ್ಲಿ ಗೇಮು ತೆರೆದ. ಮುಖಗಳ ಮೇಲೆ ಕಣ್ಣು ಹಾಯಿಸದೆ ನೇರ ಬಲಮೂಲೆಗೆ ಹೋದ. ಅಲ್ಲಿ ‘ವಿನ್ಯಾಸ: ಸಂ’ ಎಂದಿತ್ತು. ಆಮೇಲೆ ಫೋನು ಮುಗಿದಿತ್ತು.

“ಕಾಕಾ, ಈಗಿನ ಫೋನಿನ ಮೂಲಿ ಗುಂಡಗ ಇರ್ತಾವ,” ಎಂದಳು ಐಶ್ವರ್ಯ ಫೋನಿನಲ್ಲಿ. “ಮೂಲಿಗಿ ಹಚ್ಚಿ ಬರದ್ರ ಅಷ್ಟು ಕಟ್ ಆಗ್ತದ. ಚಿತ್ರದಾಗ ಹೆಸರು ಅದ, ಕಾಣೂದಿಲ್ಲ ಅಷ್ಟ. ನಡುವ ಎಲ್ಲೆರೆ ಬರದಿದ್ರ ಏನಾಗ್ತಿತ್ತು?”

ನಡುವೆ ಬೀಗರಿದ್ದರು.

ಗಾಡಿಯಲ್ಲಿ ಕಟ್ಟಿಗೆ ತಂದಿಳಿಸುತ್ತಿದ್ದ ಅಂಬಾರಾಯ ಸಂಗತಿ ತಿಳಿದು, ಎರಡೂ ಕೈ ಮೇಲೆತ್ತಿ ಹೇಳಿದ, “ಸಾಹುಕಾರ್ರ, ಈ ಸಲ ನಾ ಅಲ್ಲ!”

ಕೆಲವು ದಿನ ಸಂಗಮೇಶ್ವರ ಸಿಕ್ಕಸಿಕ್ಕವರ ಫೋನು ಕೇಳಿ ಪಡೆದು ಅದರ ಮೂಲೆ ತಡವಿ ನೋಡಿದ. ಊರಿನ ಎಲ್ಲ ಫೋನುಗಳೂ ಗುಂಡಗಾಗಿದ್ದವು. ಮನುಷ್ಯನಿಗೆ ಏನೋ ಆಗಿದೆ ಎಂದು ಚಪ್ಪಲಿ ಅಂಗಡಿಯವರು ಮಾತಾಡಿಕೊಂಡರು.

ಅಷ್ಟರಲ್ಲಿ ಐಶ್ವರ್ಯ ಮತ್ತೆ ಬಂದಳು. ಈ ಸಲ ಅಂಗಡಿಗೆ ಬಾರದೆ ನೇರ ಮನೆಗೇ ಹೋದಳೆಂದು ತಿಳಿದು ಸಂಗಮೇಶ್ವರ ಹಿಂದಿನಿಂದ ಓಡಿದ.

“ಏನಾತವ್ವ? ಮೇಡಂ ಏನಂದ್ರು?”

“ನಮ್ಮ ವರ್ಗದಾಗ ಎಲ್ಲಾರಕಿಂತ ಹೆಚ್ಚು ಮಂದಿ ನನ್ನ ಗೇಮ್ ಇಳಿಸಿಕೊಂಡಾರ ಕಾಕಾ. ಮೇಡಂ ಭಾಳ ಖುಷಿ ಆಗಿದ್ರು. ಆಮ್ಯಾಲ ಎಷ್ಟ ಮಂದಿ ಆಡ್ಯಾರ ಅಂತ ತೆಗದು ನೋಡಿದ್ರು.”

“ಎಷ್ಟ ಮಂದಿ?”

“ಒಬ್ಬರು.”

ಸಂಗಮೇಶ್ವರ ಕಟ್ಟೆಯ ಮೇಲೆ ಕುಳಿತ.

“ಎಲ್ಲಾರೂ ತೆರೀತಾರ, ತಮ್ಮ ಮುಖ ನೋಡ್ತಾರ, ಮುಚ್ಚತಾರ. ಮೊದಲ ಪರದಿ ಯಾರೂ ದಾಟೇ ಇಲ್ಲ. ಆ ಬಾಣದ್ದು ಬಟನ್ ಅಂತ ಅವರಿಗಿ ಗೊತ್ತೂ ಇಲ್ಲ. ಫೋಟೊ ಬರಬೇಕಾದವರ ಜಾಗ ಅಂತ ತಿಳಕೊಂಡಾರ. ಟೈಟಲ್ ಸ್ಕ್ರೀನ್ ಅಂದ್ರ ಮಂದಿ ದಾಟಿಕೊಂಡು ಹೋಗೋ ಬಾಗಿಲ ಕಾಕಾ. ನೀವು ಬಾಗಿಲದಾಗೇ ಎಲ್ಲಾರಿಗೂ ಕುರ್ಚಿ ಹಾಕಿ ಕೂಡಿಸೀರಿ.”

ಅವಳು ಬೈಯುತ್ತಿದ್ದಾಳೆಂದು ಸಂಗಮೇಶ್ವರನಿಗೆ ತಿಳಿಯಿತು. ಆದರೆ ಒಳಗೆಲ್ಲೋ ಒಂದು ಕಡೆ ತಂಪಾಯಿತು. ಮಂದಿ ತನ್ನ ಕೆಲಸದ ಮುಂದೆ ನಿಂತುಬಿಟ್ಟರು, ಆಟವನ್ನೇ ಬಿಟ್ಟರು! ಇಷ್ಟು ವರ್ಷದಲ್ಲಿ ಯಾವ ಬ್ಯಾನರಿಗೆ ಸಿಕ್ಕಿತ್ತು ಈ ಭಾಗ್ಯ?

“ಆ ಒಬ್ಬರು ಯಾರು?” ಎಂದು ಕೇಳಿದ.

“ಆಡೋ ಮೊದಲ ಗೇಮು ಹೆಸರು ಕೇಳ್ತದ್ರಿ. ಹೆಸರು ಬರದಾರ. ಅವರಿಗಿ ಮಾತಾಡಿಸಿಕೊಂಡು ಬಾ ಅಂತ ಮೇಡಂ ಕಳಿಸ್ಯಾರ.” ಐಶ್ವರ್ಯ ಅಡುಗೆಮನೆಯ ಕಡೆ ತಿರುಗಿ ಕೂಗಿದಳು, “ಕಾಕಿ, ಎಲ್ಲಿತನ ಬಂತ್ರಿ?”

“ಹದಿನೆಂಟನೇ ಗಾಡಿ ಹತ್ತೀನವ್ವ,” ಎಂದಿತು ಒಳಗಿನ ದನಿ. “ಜರಾ ಕುಂದ್ರು, ಚಹಾ ಇಡ್ತೀನಿ. ಆಟದ ಚಹಾ ಅಲ್ಲ, ಖರೇ ಚಹಾ.”

ಗುರುದೇವಿ ಹೊರಗೆ ಬಂದಳು. ಕೈಯಲ್ಲಿ ಸಂಗಮೇಶ್ವರ ಎಂದೋ ಬಳಸಿ ಬಿಟ್ಟಿದ್ದ ಹಳೆಯ ಫೋನು. ಗಾಜು ಒಡೆದಿದೆ, ಚಾರ್ಜು ನಿಲ್ಲುವುದಿಲ್ಲ, ಹಿಂಬದಿಗೆ ರಬ್ಬರು ಕಟ್ಟಿದೆ.

“ಕಾಕಿ, ಯಾರೂ ಒತ್ತದ ಬಟನ್ ನೀವು ಹೆಂಗ ಒತ್ತಿದ್ರಿ?” ಐಶ್ವರ್ಯ ಪೆನ್ನು ತೆಗೆದಳು.

“ಎಲ್ಲಾರೂ ಅದಾರ ಅಂತ ನಿಮ್ಮ ಕಾಕಾ ಹೇಳಿದ್ರು. ತೆರದು ನೋಡಿದೆ. ಚಪ್ಪಲಿ ಅಂಗಡಿಯವರ ಮೊಮ್ಮಗನೂ ಅದಾನ. ನಾ ಇಲ್ಲ. ತೆಳಗ ಒಂದು ಲಿಂಬಿಕಾಯಿ ಖಾಲಿ ಇತ್ತಲ್ಲ, ಮರತು ಬಿಟ್ಟಿರಲಿಕ್ಕಿಲ್ಲ, ನನಗೇ ಇಟ್ಟಿರಬೇಕು ಅಂತ ಒತ್ತಿ ನೋಡಿದೆ. ಆಟ ಶುರು ಆತು.” ಗಂಡನ ಕಡೆ ನೋಡದೆ ಮುಂದುವರಿಸಿದಳು, “ಒಳಗ ಮಸ್ತ್ ಅದವ್ವ. ಗಾಡಿ ಒಳಗ ಕುಂತು ಒದರೋದು ನನಗ ರೂಢಿ. ಇಳದು ಓಡೋದು ಇದ ಮೊದಲ.”

ಸಂಗಮೇಶ್ವರ ನೆಲದ ಫರಸಿಯ ಗೆರೆಗಳನ್ನು ಎಣಿಸುವವನ ಹಾಗೆ ಕುಳಿತಿದ್ದ. ಚಂದ್ರಂಪಳ್ಳಿಯ ನೀರಿನ ದಂಡೆಯಿಂದ ಯಾರನ್ನು ಅಳಿಸಿದ್ದೆನೆಂಬುದು ಅವನಿಗೆ ಈಗ ಬೇಡವೆಂದರೂ ನೆನಪಾಗುತ್ತಿತ್ತು.

“ಇದ ವಾರ ಹೊಸದು ಕಳಸ್ತೀನಿ ಕಾಕಾ,” ಎಂದಳು ಐಶ್ವರ್ಯ. “ಪ್ಲಾಟ್‌ಫಾರ್ಮು, ಗೇಮಿನ ಹೆಸರು, ಬಟನ್. ಫೋಟೊ ಒಂದೂ ಇಲ್ಲ. ನಿಮ್ಮ ಹೆಸರು ಬೇಕಾದ್ರ ನಟ್ಟನಡುವ ಹಾಕ್ತೀನಿ.”

“ಖಾಲಿ ಪರದಿ ಮ್ಯಾಲ ನನ್ನ ಹೆಸರಾ?” ಸಂಗಮೇಶ್ವರನಿಗೆ ನಿಜವಾಗಿಯೂ ಬೇಸರವಾಯಿತು. “ನೋಡಿದವರು ಇವ ಏನ್ ಮಾಡ್ಯಾನ ಅಂತ ಕೇಳಿದ್ರ ಏನ್ ಹೇಳ್ಲಿ? ಬ್ಯಾಡವ್ವ.”

“ಹಂಗಾರ ಎಲ್ಲಾರ ಫೋನಿನಾಗೂ ಹಳೇದು ಅಳಸಿ ಹೋಗ್ತದ ನೋಡ್ರಿ. ಕಾಕಿಯವರ ಫೋನಿನಾಗ ಮಾತ್ರ ಉಳೀತದ. ಅದು ಭಾಳ ಹಳೇದು, ಹೊಸದು ಏನೂ ತಗೊಳ್ಳೂದಿಲ್ಲ.”

ಸಂಗಮೇಶ್ವರ ತಲೆ ಎತ್ತಿದ. ಗುರುದೇವಿಯ ಕೈಯಲ್ಲಿದ್ದ ಫೋನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದ. ಅದರ ನಾಲ್ಕೂ ಮೂಲೆಗಳು ಶಹಾಬಾದಿನ ಫರಸಿಯ ಹಾಗೆ ನೆಟ್ಟಗೆ, ಚೌಕಾಗಿದ್ದವು.

“ಏ, ಜರಾ ಮೊದಲಿನ ಪರದಿ ತೋರಸು,” ಎಂದ. “ಬಲಗಡಿ ಮೂಲ್ಯಾಗ ಏನ್ ಬರದದ?”

“ನಿಮ್ಮ ಹೆಸರು ಬರದದ್ರಿ. ಸಂಗಮೇಶ್ವರ, ಸೇಡಂ. ನಾ ಮೊದಲ ದಿನಾನೇ ಓದೀನಿ.”

“ಪೂರಾ?”

“ಪೂರಾ.”

“ತೋರಸು ಮತ್ತ!”

“ಈಗ ಹೆಂಗ ತೋರಸ್ಲಿ? ಹಿಂದಕ್ಕ ಹೋದ್ರ ಹದಿನೆಂಟ ಗಾಡಿ ಹೋಗ್ತಾವ. ಮೊದಲಿಂದ ಆಡ್ಬೇಕಾಗ್ತದ. ಗಾಡಿ ತಪ್ಪಿದ್ರ ಮೊದಲಿನ ಪರದಿ ತಾನ ಬರ್ತದ, ಅವಾಗ ನೋಡ್ರಿ.”

“ಗಾಡಿ ಯಾವಾಗ ತಪ್ಪತದ?”

“ನನಗ ಯಾಕ ತಪ್ಪತದ್ರಿ?” ಎಂದಳು ಗುರುದೇವಿ, ಗೋಡೆಗೆ ಒರಗಿ ಚಾರ್ಜರ್ ವೈರು ಸಿಕ್ಕಿಸಿಕೊಳ್ಳುತ್ತ. “ಮಾತಾಡಿಸಬ್ಯಾಡ್ರಿ. ನೀರ ತುಂಬಲಿಕತ್ತೀನಿ.”

ಸಂಗಮೇಶ್ವರ ಅವಳ ಪಕ್ಕಕ್ಕೆ ಸರಿದು ಕುಳಿತ. ಅಂಗಡಿಯಿಂದ ಚನ್ನು ಎರಡು ಸಲ ಫೋನು ಮಾಡಿದ, ಯಾರದೋ ಹುಟ್ಟುಹಬ್ಬವಂತೆ, ಅವಸರವಂತೆ. ಸಂಗಮೇಶ್ವರ ಎತ್ತಲಿಲ್ಲ. ಗಾಜಿನ ಬಿರುಕಿನಾಚೆ ಒಂದು ಸಣ್ಣ ಆಕೃತಿ ಚಹಾದ ಕಪ್ಪು ಹಿಡಿದು ಗಂಟು ಮೂಟೆಗಳನ್ನು ಹಾರುತ್ತ ಓಡುತ್ತಿತ್ತು. ಗಾಡಿ ಸಿಳ್ಳೆ ಹಾಕಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು, ತನ್ನ ಹೆಂಡತಿಗೆ ಗಾಡಿ ತಪ್ಪಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಗುರುದೇವಿ ಹತ್ತೊಂಬತ್ತನೇ ಗಾಡಿ ಹತ್ತಿದಳು.